ಐವತ್ತು ಗ್ರಾಂ

ಆರು ವರ್ಷದ ಹಿಂದೆ, ರಾತ್ರಿ ಎರಡಕ್ಕೆ,
ಭದ್ರಾವತಿಯ ನನ್ನ ಗುಜರಿ ಅಂಗಡಿಗೆ ಜೀಪು ಬಂತು.
‘ತಕ್ಕಡಿ ತಗೊಂಡು ಹತ್ತು, ಹಾಲಪ್ಪ.’
ಹತ್ತಿದೆ.

ಬಾಡಿಗೆ ಕೋಣೆ. ಚಾಪೆ. ಅರ್ಧ ತಿಂದ ಬನ್ನು.
ಬಿಳಿ ಪುಡಿಯ ಚೀಲ, ವೈರು, ಸಣ್ಣ ಕಬ್ಬಿಣದ ಗುಂಡು.
ಬೇರಿಂಗಿನವು ಅವು,
ಕೆ.ಜಿ.ಗೆ ಎಷ್ಟು ಅಂತಲೂ ನನಗೆ ಗೊತ್ತು.
ತೂಗಿದೆ. ಅವರು ಬರೆದರು. ಸಹಿ ಹಾಕಿದೆ.
ಓದಿ ಹೇಳಿದರೋ ಇಲ್ಲವೋ, ನಿದ್ದೆಗಣ್ಣು.

ಇವತ್ತು ಶಿವಮೊಗ್ಗದ ಕೋರ್ಟು.
ಇಲ್ಲಿ ಯಾರಿಗೂ ಹೆಸರಿಲ್ಲ: ನಾನು ಹದಿನೇಳನೇ ಸಾಕ್ಷಿ,
ಆ ಚೀಲ ನಾಲ್ಕನೇ ಮುದ್ದೆಮಾಲು,
ಕಟಕಟೆಯ ಹುಡುಗ ಮೂರನೇ ಆರೋಪಿ.
ಹುಡುಗ ಅಂದೆ, ಕಿವಿಯ ಹತ್ತಿರ ನೆರೆತಿದೆ.
ಜಾಮೀನು ಸುಲಭಕ್ಕೆ ಸಿಗದ ಕಾಯಿದೆಯಂತೆ.

ಭಯೋತ್ಪಾದನೆ ಅಂದರೇನು ಅಂತ ಸರ್ಕಾರಿ ವಕೀಲರು ಓದಿದರು.
ಒಂದೇ ವಾಕ್ಯ, ಉಸಿರು ಸಾಲದಷ್ಟು ಉದ್ದ,
ಅಥವಾ, ಅಥವಾ, ಅಥವಾ…
ಅದರೊಳಗೆ ಸಿದ್ದಕ್ಕನ ಬೆರಳು ಎಲ್ಲಿ ಬಂತೋ
ನಾನಂತೂ ಕಾಣೆ.

ಹಿಂದಿನ ಬೆಂಚಿನಲ್ಲೇ ಕೂತಿದ್ದಾಳೆ,
ಬಸ್‌ಸ್ಟ್ಯಾಂಡಿನ ಹೂವಿನವಳು.
ಅವತ್ತಿನಿಂದ ಬಲಗೈಯಲ್ಲಿ ಎರಡೇ ಬೆರಳು.
ಮೊಳ ಹಾಕುವಾಗ ಮೊಣಕೈಯಿಂದ ಹಿಡಿದು
ಬೆರಳು ಇದ್ದ ಜಾಗವನ್ನೂ ಗಾಳಿಯಲ್ಲಿ ಅಳೆದು
ಅಷ್ಟೂ ಹೂ ಕೊಡುತ್ತಾಳೆ.

ಆರೋಪಿ ಪರ ವಕೀಲರು ಕನ್ನಡಕ ಒರೆಸಿಕೊಂಡರು.
‘ನಿಮ್ಮ ತಕ್ಕಡಿ ಸರಿಯಾಗಿತ್ತೇ?’

ಹೌದು ಅಂದರೆ ಮುಗಿಯಿತು, ಐದೂವರೆ ಬಸ್ಸು ಸಿಗುತ್ತದೆ.
ಕಲ್ಲಿಡುವ ತಟ್ಟೆಯ ಅಡಿಯಲ್ಲಿ ಒಂದು ಮೇಣದುಂಡೆಯಿದೆ,
ಅಪ್ಪ ಅಂಟಿಸಿದ್ದು.
ಊರಿನ ಹಳೇ ಕಬ್ಬಿಣವೆಲ್ಲ
ಅದರಷ್ಟು ಹಗುರಾಗಿಯೇ ನನ್ನ ಅಂಗಡಿಗೆ ಬಂದಿದೆ.
ಸತ್ಯವನ್ನೇ ಹೇಳುತ್ತೇನೆ ಅಂತ ಈಗತಾನೇ ಅಂದಿದ್ದೆ,
ನಾಲಿಗೆ ಇನ್ನೂ ಆರಿರಲಿಲ್ಲ.

‘ಇಲ್ಲ ಸ್ವಾಮಿ. ಐವತ್ತು ಗ್ರಾಂ ಮೋಸ.’

ಟೈಪಿನ ಸದ್ದು ನಿಂತಿತು.
ಯಾರೋ ನಕ್ಕರು. ಹುಡುಗ ತಲೆ ಎತ್ತಿದ.
‘ತಕ್ಕಡಿ ಸರಿ ಇರಲಿಲ್ಲವೆಂದು ಸಾಕ್ಷಿ ಒಪ್ಪಿರುತ್ತಾನೆ.’
‘ಕಡಿಮೆ ತೋರಿಸುತ್ತಿತ್ತು ಸ್ವಾಮಿ, ಚೀಲದಲ್ಲಿ ಇನ್ನೂ ಹೆಚ್ಚೇ…’
‘ಕೇಳಿದ್ದಕ್ಕಷ್ಟೇ ಉತ್ತರ ಕೊಡಿ.’

ಇಳಿದು ಬಂದೆ. ಸಿದ್ದಕ್ಕ ನನ್ನ ಕಡೆ ನೋಡಲಿಲ್ಲ.
ಸೆರಗಿನ ಅಂಚನ್ನು ಮೊಣಕೈಗೆ ಹಿಡಿದು
ಸುಮ್ಮನೆ ಅಳೆಯುತ್ತಿದ್ದಳು.

ಬಸ್ಸು ತಪ್ಪಿತು. ಅಂಗಡಿ ಮುಟ್ಟಿದಾಗ ಕತ್ತಲೆ.
ಮೇಣ ಕಿತ್ತೆ, ಅಪ್ಪನ ಹೆಬ್ಬೆಟ್ಟಿನ ಗುರುತು ಇನ್ನೂ ಇತ್ತು.
ಬೆಳಿಗ್ಗೆ ಅಕ್ಕಸಾಲಿ ಮಾನಪ್ಪನ ಹತ್ತಿರ ತೂಗಿಸಿದೆ.

ನಲವತ್ತೊಂದು.

ಕೋರ್ಟಿನಲ್ಲಿ ಐವತ್ತು ಅಂದಿದ್ದೆ.