ನಡುವಿನ ಡಬ್ಬಿ

ಮೈಸೂರಿನ ಹೆಬ್ಬಾಳ, ಟೈರು ಫ್ಯಾಕ್ಟರಿಯ ವಾಸನೆ ದಾಟಿ
ಎಡಕ್ಕೆ ಮೂರನೇ ಶೆಡ್ಡು. ಬೋರ್ಡಿಲ್ಲ.
ಒಳಗೆ ಗೋವೆಯ ಹಡಗು ಹತ್ತಬೇಕಾದ ಹನ್ನೆರಡು ಜೂಜಿನ ಯಂತ್ರ
ಗೋಡೆಗೆ ಬೆನ್ನು ಕೊಟ್ಟು ನಿಂತಿವೆ
ಮೇಷ್ಟ್ರು ನಿಲ್ಲಿಸಿದ ಹುಡುಗರ ಹಾಗೆ.

ಆರು ಹಳೆಯವು. ಕೇಳಿದರೆ ಮಾತ್ರ ಉತ್ತರ.
ಸೆಕೆಂಡಿಗೆ ಐದು ಸಲ ಕೇಳಬೇಕು: ಇದ್ದೀಯಾ? ಇದ್ದೀಯಾ?
ಇದ್ದೀನಿ, ಅನ್ನುತ್ತವೆ.
ಯಾರೋ ಗೆಲ್ಲಲಿ, ಯಾರೋ ಬಾಗಿಲು ಮುರಿಯಲಿ
ಒಂದಂಕಿಯಲ್ಲಿ ಹೇಳಿ ಬಾಯಿ ಮುಚ್ಚುತ್ತವೆ.

ಆರು ಹೊಸವು. ಕೇಳದೆಯೇ ಕಾಗದ ಬರೆಯುತ್ತವೆ:
ಇಂಥ ದಿನ, ಇಂಥ ಗಳಿಗೆ, ಇಂಥವರಿಂದ ಇಂಥವರಿಗೆ,
ಇತ್ತ ಕ್ಷೇಮ, ಅತ್ತ ಕ್ಷೇಮಕ್ಕೆ ಬರೆಯುವುದು.
ನಾಕಾಣೆ ವಿಷಯಕ್ಕೆ ನಾಲ್ಕು ಪುಟ.

ನಡುವೆ ಬುತ್ತಿಯಷ್ಟು ಗಾತ್ರದ ನನ್ನ ಡಬ್ಬಿ.
ಅತ್ತಣ ಮಾತು ಇತ್ತ, ಇತ್ತಣ ಮಾತು ಅತ್ತ.

ಈ ಕೆಲಸ ಕಲಿತದ್ದು ಮಂಡ್ಯದ ಸಕ್ಕರೆ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ.
ಅವ್ವನ ಬಳೆಯನ್ನು ಅಪ್ಪ ಅಂದರ್ ಬಾಹರಿನಲ್ಲಿ
ಬಾಹರಿಗೆ ಕಟ್ಟಿ ಬಂದ ರಾತ್ರಿಯಿಂದ
ಏಳು ವರ್ಷ ಅವರಿಬ್ಬರಿಗೆ ಮಾತಿಲ್ಲ.

"ಉಣ್ಣಾಕ್ ಬರಾಕೇಳು ನಿಮ್ಮಪ್ಪುಂಗೆ."
"ಹೊಟ್ಟೆ ಹಸೀತಿಲ್ಲ ಅನ್ನು."
ನಡುವೆ ಎರಡು ಮಾರು. ಒಬ್ಬರ ದನಿ ಒಬ್ಬರಿಗೆ ಬೀಳುತ್ತಲೇ ಇತ್ತು;
ನಾನು ಹೇಳುವ ತನಕ ಇಬ್ಬರೂ ಕಿವುಡರು.

"ಸಾಯ್ಲಿ" ಅಂದದ್ದು ನನ್ನ ಬಾಯಲ್ಲಿ "ಸಾರೈತಂತೆ" ಆಯಿತು.
"ಉಪ್ಸಾರು ಸಪ್ಪೆ" ಅಂದದ್ದು
"ಇನ್ನೊಂದು ಸೌಟು ಬೇಕಂತೆ."
ಅವ್ವ ಹಾಕಿದಳು. ಅಪ್ಪ ನನ್ನನ್ನೇ ನೋಡುತ್ತ ಉಂಡ.

ಇಲ್ಲಿ ಹಾಗೆ ನಡೆಯದು.
ಪ್ರತಿ ಮಾತಿನ ಬಾಲಕ್ಕೂ ಒಂದು ತಾಳೆಯ ಅಂಕಿ,
ತಾಳೆಯಾಗದಿದ್ದರೆ ಆಚೆಯವನು ಮಾತನ್ನೇ ಎಸೆಯುತ್ತಾನೆ.
ಹೋದ ತಿಂಗಳು ಡಬ್ಬಿ ಪೈಸೆಯನ್ನು ರೂಪಾಯಿ ಎಂದು ಓದಿ
ಐದು ಗೆದ್ದವನಿಗೆ ಐನೂರು ಕೊಟ್ಟಿತು.
ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟು ಜಬೀವುಲ್ಲಾ ನಕ್ಕ:
"ನಿಮ್ಮ ಡಬ್ಬೀಗೆ ಕರುಣೆ ಜಾಸ್ತಿ, ಮೇಡಂ."
ರಾತ್ರಿಯಿಡೀ ಕೂತು ಕರುಣೆ ತೆಗೆದೆ.

ತಂತಿ ಕಿತ್ತರೆ ಈಗ ಅದು ಮಾತು ಕಳೆಯುವುದಿಲ್ಲ.
ಸಾಲಿನಲ್ಲಿ ನಿಲ್ಲಿಸಿಕೊಂಡು
ಮುಟ್ಟಿತು ಎಂಬ ರಸೀದಿ ಬರುವವರೆಗೆ
ಮತ್ತೆ ಕಳಿಸುತ್ತದೆ, ಮತ್ತೆ.
ಅರ್ಧ ಬಂದ ಮಾತನ್ನು ಮಾತ್ರ ಮುಂದಕ್ಕೆ ಬಿಡಬಾರದು.
ನಿಯಮ ನಾನೇ ಬರೆದದ್ದು.

ಸಂಜೆಯ ಪುಶ್‌ಪುಲ್ ರೈಲು. ನಾಗನಹಳ್ಳಿ, ಶ್ರೀರಂಗಪಟ್ಟಣ,
ಆಮೇಲೆ ಪಾಂಡವಪುರ:
ಪಗಡೆಯಲ್ಲಿ ಸೋತವರ ಹೆಸರಿಗೊಂದು ಸ್ಟೇಷನ್ನು.
ಗೆದ್ದವರದು ಈ ಲೈನಿನಲ್ಲಿ ಎಲ್ಲೂ ಬರುವುದಿಲ್ಲ.
ಸೌತೆಕಾಯಿಯವಳು ಖಾಲಿ ಬುಟ್ಟಿ ಬೋರಲು ಹಾಕಿ ಇಳಿಯುತ್ತಾಳೆ.

ದೊಡ್ಡಾಸ್ಪತ್ರೆಯಲ್ಲಿ, ಮೂಗಿನ ನಳಿಕೆ ಬೆರಳಲ್ಲಿ ಸರಿಸಿ
ಅಪ್ಪ ಕರೆದಿದ್ದ: "ಅವ್ವಂಗೆ ಹೇಳು..."
ನರ್ಸು ಬಂದಳು. ನಳಿಕೆ ಸರಿ ಮಾಡಿದಳು.
ಮುಂದಿನದು ಬರಲಿಲ್ಲ.
ಹಳೆಯ ನಾನಾಗಿದ್ದರೆ
ಉಳಿದರ್ಧ ಆ ಕ್ಷಣವೇ ಹುಟ್ಟಿಸಿ ಮುಟ್ಟಿಸುತ್ತಿದ್ದೆ.
ನಾಲ್ಕು ವರ್ಷವಾಯಿತು, ಸಾಲಿನಲ್ಲಿ ಮೊದಲನೆಯದಾಗಿ ನಿಂತಿದೆ.

ಬಾಗಿಲು ತಳ್ಳಿದರೆ ಟೀವಿಯಿಂದ ಕಣ್ಣು ತೆಗೆಯದೆ
ಅವ್ವ: "ಬಂದ್ಯಾ?"
"ಬಂದೆ."
ತಟ್ಟೆ ಹಾಕಿಕೊಂಡೆ. ಉಪ್ಸಾರು ಸಪ್ಪೆ.
ಇನ್ನೊಂದು ಸೌಟು ಹಾಕಿಸಿಕೊಂಡೆ.