ಸೆಕೆಂಡ್ ಗೇರಿನ ಗಾಳಿ

ಟಿಕ್, ಟಿಕ್, ಟಿಕ್.
ಹುಲಿಕಲ್ ಏರುವಾಗ ಬಾನೆಟ್ಟಿನ ಒಳಗೆ
ಯಾರೋ ಕೂತು ಉಗುರು ಕತ್ತರಿಸುತ್ತಿದ್ದ ಹಾಗೆ.
ಮೂರು ವಾರ ರೇಡಿಯೋ ಜೋರು ಮಾಡಿ ಮರೆಸಿದೆ.
ನಾಲ್ಕನೇ ವಾರ, ಗುಡಿಯ ತಿರುವಿನಲ್ಲಿ
ಗಾಡಿ ಕಪ್ಪಗೆ ಕೆಮ್ಮಿ ನಿಂತೇಬಿಟ್ಟಿತು.
ಬೆನ್ನ ಮೇಲೆ ಬಂಗಡೆ, ಬೈಗೆ, ಕರಗುವ ಐಸು,
ಹಿಂದೆ ಹಾರ್ನ್ ಒತ್ತುವ ಮರಳಿನ ಲಾರಿ.

ಹಾಗಾಗಿ ಆ ಸೋಮವಾರ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ
ಜಬೀವುಲ್ಲಾನ ಶೆಡ್ಡಿನ ಸ್ಟೂಲಿನ ಮೇಲೆ ನಾನು.
ಮೀನಿನ ವಾಸನೆಗೆ ಪಕ್ಕದ ಟಿಂಕರಿಂಗಿನ ಬೆಕ್ಕು
ನನ್ನ ಕಾಲು ಬಿಡಲೊಲ್ಲದು.

ಗೋಣಿಚೀಲದ ಮೇಲೆ ಮೂರು ಟರ್ಬೊ ಇಟ್ಟ,
ಶಂಖದ ಹಾಗೆ ಸುತ್ತಿಕೊಂಡವು.
ಗಂಗೊಳ್ಳಿಯವಳಿಗೆ ಶಂಖ ತೋರಿಸಬೇಡ ಮಾರಾಯ, ಎಂದೆ.
ಒಂದನ್ನೆತ್ತಿ ಕಿವಿಗಿಟ್ಟೆ.
ಸಮುದ್ರವಿರಲಿಲ್ಲ. ಸೀಮೆಎಣ್ಣೆ ಘಮ್ಮೆಂದಿತು.

ಅವನ ಹುಡುಗ ಇಮ್ದಾದನ ಕಣ್ಣೆಲ್ಲ ದೊಡ್ಡದರ ಮೇಲೆ.
"ಜಲಜಕ್ಕಾ, ಇದೇ ಹಾಕ್ಸಿ. ಹೈವೇಲಿ ಕಾರುಗಳೇ ಹಿಂದೆ.
ವಿಷಲ್ ಬರತ್ತೆ, ವಿಮಾನದ ಥರ!"
ಬಂಗಡೆಗೆ ವಿಮಾನ ಎಂತಕ್ಕೆ, ಎಂದೆ. ಆದರೂ
ಬೆರಳಲ್ಲಿ ಅದರ ಚಕ್ರ ತಿರುಗಿಸಿದೆ, ಎರಡು ಸಲ.
ಸುಳ್ಳು ಹೇಳಲಾರೆ, ಆಸೆಯಾಯಿತು.

ಜಬೀವುಲ್ಲಾ ಬೀಡಿ ಆರಿಸಿ ಕೇಳಿದ:
"ಹೇರ್‌ಪಿನ್ನಲ್ಲಿ ಯಾವ ಗೇರು?"
ಸೆಕೆಂಡು. ಎದುರು ಬಸ್ಸು ಬಂದರೆ ಫಸ್ಟು.
"ಆರ್‌ಪಿಎಂ?"
ಸಾವಿರದ ನಾನೂರು. ಕೆಲವೊಮ್ಮೆ ಅದೂ ಇಲ್ಲ.
"ಹಂಗಾದ್ರೆ ಕೇಳು. ದೊಡ್ಡದು ಏಳೋದೇ ಎರಡೂವರೆ ಸಾವಿರಕ್ಕೆ.
ಅದು ಕಣ್ಣುಜ್ಕೊಳೋದ್ರೊಳಗೆ ತಿರುವು ಮುಗಿದು
ಹೊಗೆ ಹಿಂದಿನವನ ಬಾಯಲ್ಲಿರತ್ತೆ."

ಸಣ್ಣದು ಬೇಗ ಏಳುತ್ತದೆ, ಬೇಗ ಏದುಸಿರು ಬಿಡುತ್ತದೆ.
ನಡುವಿನದು, ಸಣ್ಣದರ ಚಿಪ್ಪಿನೊಳಗೆ
ಕೊಂಚ ಅಗಲ ರೆಕ್ಕೆ ಕೂರಿಸಿದ್ದು,
ಅದರ ಬೆಲೆ ಹೇಳುವಾಗ ಅವನು ಬೆಕ್ಕಿನ ಕಡೆ ನೋಡಿದ.

ಮ್ಯಾನಿಫೋಲ್ಡಿನದು ಬೇರೆಯೇ ಕತೆ.
ಬಿಚ್ಚಿಟ್ಟಾಗ ಮೂರನೇ, ನಾಲ್ಕನೇ ಬಾಯಿಗಳ ನಡುವೆ
ಕೂದಲೆಳೆಯಷ್ಟು ಬಿರುಕು, ಸುತ್ತ ಮಸಿ.
ಇವನೇ ಆ ಉಗುರು ಕತ್ತರಿಸುತ್ತಿದ್ದವ!
ಗೋಡೆಯ ಮೊಳೆಗೆ ಸ್ಟೀಲ್ ಪೈಪಿನ ಹೊಸದೊಂದು
ಬೊಂಡಾಸಿನ ಹಾಗೆ ಕೈ ಬಾಗಿಸಿ ನೇತಾಡುತ್ತಿತ್ತು,
ಫಳಫಳ. ನನಗೆ ಅದೇ ಹಿಡಿಸಿತ್ತು.

ಪಳನಿಯಪ್ಪನವರು ಬಂದರು. ಸ್ಟೂಲು ಬಿಟ್ಟುಕೊಟ್ಟೆ.
ಭದ್ರಾವತಿಯಲ್ಲಿ ಮೂವತ್ತೊಂದು ವರ್ಷ
ಮರಳಿನ ಅಚ್ಚು ಕಟ್ಟಿದ ಕೈ.
ಸ್ಪ್ಯಾನರಿನಿಂದ ಪೈಪು ತಟ್ಟಿದರು: ಟಿಣ್.
ಹೊಸ ಎರಕದ್ದನ್ನು ತಟ್ಟಿದರು: ಡಂ.
"ಆ ಪೈಪು ಚಂದ ಕಣಮ್ಮ.
ದಿನಾ ಕೆಂಪಗೆ ಕಾಯಿಸಿ, ಮೇಲೆ ಹೋಗಿ
ಮಾಸ್ತಿಕಟ್ಟೆ ಮಂಜಲ್ಲಿ ನಿಲ್ಲಿಸ್ತೀಯ.
ಬೆಸುಗೆ ಎಷ್ಟು ದಿನ ತಡ್ಕೊಳತ್ತೆ?
ಎರಕ ಬಿಸೀನ ಒಳಗೇ ಇಟ್ಕೊಳತ್ತೆ.
ಆ ಬಿಸೀನೇ ಅಲ್ವ ಚಕ್ರ ತಿರುಗಿಸೋದು."
ಹಳೆಯದರ ಬಿರುಕಿನ ಮೇಲೆ ಹೆಬ್ಬೆರಳು ಸವರಿ,
"ಇಷ್ಟು ತೆಳ್ಳಗೆ ಹೊಯ್ದಿದ್ರೆ ನಮ್ಮ ಮೇಸ್ತ್ರಿ ಒದೀತಿದ್ದ" ಎಂದು ನಕ್ಕು
ಸುಮ್ಮನಾದರು.
ಆರಿದ ಕುಲುಮೆಯ ಮಾತು ಯಾರೂ ಎತ್ತಲಿಲ್ಲ.

ಟೈರಿಗೆಂದು ಕಟ್ಟಿಟ್ಟ ದುಡ್ಡು ಬಿಚ್ಚಿದೆ.
ನಡುವಿನ ಟರ್ಬೊ. ಎರಕದ ಮ್ಯಾನಿಫೋಲ್ಡು.
ಸ್ಟಡ್ಡು, ಗ್ಯಾಸ್ಕೆಟ್ಟು ಹೊಸವು.
ಜೊತೆಗೆ, ನಾನು ಕೇಳದ ಒಂದು ಮೀಟರು:
"ಮುಳ್ಳು ಏಳುನೂರು ದಾಟಿದ್ರೆ ಕಾಲು ತೆಗಿ.
ಹತ್ತಿದ ಮೇಲೆ ಎರಡು ನಿಮಿಷ ಆಫ್ ಮಾಡ್ಬೇಡ,
ಬೇರಿಂಗಿನ ಎಣ್ಣೆ ಸುಟ್ಟೋಗತ್ತೆ."
ಇಮ್ದಾದ ಮುಖ ಊದಿಸಿಕೊಂಡೇ ಬೋಲ್ಟು ಬಿಗಿದ.

ರಾತ್ರಿ ಮೂರಕ್ಕೆ ಗುಡಿಯ ತಿರುವು.
ಸೆಕೆಂಡಿಗೆ ಹಾಕಿದೆ. ಸ್ಟೇರಿಂಗು ನೇರವಾಗುವ ಮೊದಲೇ
ಬೆನ್ನಿಗೆ ಯಾರೋ ಕೈಯಿಟ್ಟು ನೂಕಿದರು.
ತೆಳುವಾದೊಂದು ವಿಷಲ್ಲೂ ಬಂತು, ಇಮ್ದಾದನಿಗೆ ಹೇಳಬೇಕು.

ಮೇಲೆ, ಅಗಲವಿರುವಲ್ಲಿ ನಿಲ್ಲಿಸಿ
ಎಂಜಿನ್ ಆರಿಸದೆ ಕೂತೆ.
ಹನ್ನೊಂದು ವರ್ಷದಲ್ಲಿ ಈ ಘಾಟಿಯಲ್ಲಿ
ಎರಡು ನಿಮಿಷ ಕೂತದ್ದೇ ಇಲ್ಲ.
ಮುಳ್ಳು ಇಳಿಯಿತು: ಆರುನೂರು, ನಾನೂರು,
ಇನ್ನೂರ ಎಂಬತ್ತು.
ಹಿಂದೆ ಐಸು ತೊಟ್ಟಿಕ್ಕುತ್ತಿತ್ತು.
ಮರಳಿನ ಲಾರಿಯವ ಹಾರ್ನ್ ಒತ್ತಿ ದಾಟಿದ.
ಹೋಗಲಿ.