ಒಂದೇ ಸೆಲ್ಲಿನದು

ಒಂದು ತಿಂಗಳು ಸೇದಿ ನೋಡಿ ಹೇಳು ಅಂದಿದ್ದೆಯಲ್ಲ, ಹಂಸ,
ಹೇಳ್ತೇನೆ, ಕೇಳು.

ಮೊದಲು ತೂಕ. ಒಂದು ಕಿತ್ತಳೆಯಷ್ಟುಂಟು, ಸಿಪ್ಪೆ ಸುಲಿದದ್ದು.
ಖಾಕಿ ಜೇಬಿಗೆ ಹಾಕಿ ಬೇಲಿ ಹಾರಿದರೆ
ಎದೆಗೊಂದು ಗುದ್ದು,
ಯಾರೋ ಒಳಗಿಂದ ಬಾಗಿಲು ತಟ್ಟಿದ ಹಾಗೆ.
ಅಂಗೈ ಮುಚ್ಚಿದರೆ ಇಲ್ಲವೇ ಇಲ್ಲ.
ಮಾಕುಟ್ಟದ ಗೇಟು ಹೇಗೆ ದಾಟಿಸಿದೆಯೋ, ನಾನು ಕೇಳಿಲ್ಲ.
ಸರಕಾರಕ್ಕೆ ಇದು ಆಗುವುದಿಲ್ಲವಂತೆ, ಬೀಡಿ ಆಗ್ತದಂತೆ.
ಅಮ್ಮತ್ತಿಯ ಡಾಕ್ಟರಮ್ಮ ಮಾತ್ರ ಎರಡೂ ಬೇಡ ಅಂದರು,
ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, ನನ್ನ ಮುಖ ನೋಡದೆ.

ಐದು ಸಲ ಒತ್ತಿದರೆ ಎಚ್ಚರ, ಮತ್ತೆ ಐದು ಸಲಕ್ಕೆ ನಿದ್ದೆ.
ಫೆಬ್ರವರಿಯ ಎರಡು ಗಂಟೆಯ ಚಳಿಯಲ್ಲಿ
ಹೆಬ್ಬೆಟ್ಟು ನಾಲ್ಕಕ್ಕೇ ಮರಗಟ್ಟಿ ನಿಲ್ತದೆ,
ಐದು ಆಯಿತೋ ಇಲ್ಲವೋ ಎಂದು ಮತ್ತೆ ಮೊದಲಿಂದ ಎಣಿಕೆ.
ಬೀಡಿಗೆ ಲೆಕ್ಕ ಬೇಕಿರಲಿಲ್ಲ.
ಬೀಡಿಯೇ ಲೆಕ್ಕವಾಗಿತ್ತು:
ಕೆರೆ ಏರಿಯಿಂದ ಪಂಪ್‌ಹೌಸಿಗೆ ಒಂದು ಬೀಡಿ,
ಲೈನ್‌ಮನೆಗೆ ಒಂದೂವರೆ.
ಇದನ್ನು ಎಳೆದುಕೊಂಡು ನಡೆದರೆ ದಾರಿ ಎಷ್ಟಾಯಿತೆಂದೇ ತಿಳಿಯುವುದಿಲ್ಲ.

ಹೊಗೆಯ ವಿಷಯ.
ಬೀಡಿ ಹೊಗೆ ಗಾಳಿಯ ಬೆರಳು ಹಿಡಿದು ಹೋಗ್ತಿತ್ತು,
ನಮ್ಮ ವಾಸನೆ ಆನೆ ಕಡೆಗೋ, ಆನೆಯದು ನಮ್ಮ ಕಡೆಗೋ, ಗೊತ್ತಾಗ್ತಿತ್ತು.
ಇದರದ್ದು ದಪ್ಪ, ಸೋಮಾರಿ ಹೊಗೆ,
ಮುಖದೆದುರೇ ಕೂತು ಕರಗ್ತದೆ.
ಮೇಲೆ ಮಾವಿನಹಣ್ಣಿನ ಘಮ.
ಜೇಬಲ್ಲಿ ಸೋರಿ ಶರ್ಟಿಗೆ ಕಲೆಯಾದ ದಿನ
ದಮಯಂತಿ ಮೂಸಿ, ಯಾರ ಮನೆಯ ಸೀಕರಣೆ ಅಂದಳು.
ಚಾತ ನಗಲಿಲ್ಲ.
ಹಲಸಿನ ವಾಸನೆಯದು ಮಾತ್ರ ತರಿಸಬೇಡಿ, ಅಂದ,
ನಾವು ಹುಡುಕುವುದು ಬೇಡ, ಅವೇ ನಮ್ಮನ್ನು ಹುಡುಕಿಕೊಂಡು ಬರ್ತವೆ.

ಚಾತನಿಗೆ ಅರ್ಧ ಕೊಡಲಿಕ್ಕೆ ಆಗುವುದಿಲ್ಲ. ಅದು ದೊಡ್ಡ ಕೊರತೆ, ಬರೆದುಕೋ.
ಹನ್ನೊಂದು ವರ್ಷ ನನ್ನ ತುದಿಯಿಂದ ಅವನ ತುದಿ ಹೊತ್ತಿದೆ.
ಕೊಳವೆ ಒರೆಸಿ ಚಾಚಿದೆ;
ಬೇಡ, ನಿಮ್ಮದು ಎಂದು ಮುಂದೆ ನಡೆದ.

ಹತ್ತನೆಯ ದಿನ ಹತ್ತಿ ಸುಟ್ಟ ರುಚಿ.
ಹದಿನಾಲ್ಕನೆಯ ದಿನ ಕೆಮ್ಮು ಸ್ವಲ್ಪ ಕಡಿಮೆಯೆನಿಸಿತು,
ಅಥವಾ ಎಣಿಸುವುದನ್ನು ಬಿಟ್ಟೆ.
ಹದಿನೇಳರ ಬೆಳಗ್ಗೆ ರೋಬಸ್ಟ ಅರಳಿತ್ತು.
ಅಷ್ಟು ವರ್ಷ ನೋಡಿದ್ದೇ ಬಿಳಿ,
ಆ ದಿನ ಅದು ಮೂಗಿಗೂ ಬಂತು.
ಅದು ಈ ಯಂತ್ರದ ಗುಣವೋ, ಬೀಡಿ ಇಲ್ಲದ ಗುಣವೋ,
ನೀನೂ ಕೇಳಬೇಡ, ನಾನೂ ಹೇಳುವುದಿಲ್ಲ.

ಇನ್ನು ಸೆಲ್ಲು.
ಒಂದೇ ಇರುವುದು. ಸಂಜೆ ಆರಕ್ಕೆ ತುಂಬಿಸಿದರೆ
ಬೆಳಗಿನ ಜಾವ ನಾಲ್ಕಕ್ಕೆ ನೀಲಿ ಕಣ್ಣು ಹೊಡೆಯಲು ಶುರು.
ಇಪ್ಪತ್ತೆರಡರ ರಾತ್ರಿ ಮಾತ್ರ ಅಷ್ಟು ದೂರ ಹೋಗಲಿಲ್ಲ.
ಕೆಳಗಿನ ಬ್ಲಾಕಿನಲ್ಲಿ ಅಸ್ಸಾಮಿನ ಹುಡುಗರು ಜೆಟ್ ಪೈಪು ಬದಲಿಸುತ್ತಿದ್ದರು,
ನೀರಿನ ಸದ್ದಿಗೆ ಅವರಿಗೆ ಏನೂ ಕೇಳಿಸದು.
ಸಿಲ್ವರ್ ಮರಗಳ ಸಾಲಿನಲ್ಲಿ ಒಂದು ಮರ ಮುಂದೆ ಬಂತು.
ಅದರ ಕಾಲಡಿ ಇನ್ನೊಂದು, ಸಣ್ಣದು.
ಟಾರ್ಚು ಒತ್ತಿದೆ, ಕೆಂಪಗೆ ಉಸಿರೆಳೆದು ಸತ್ತಿತು.

ಮುಚ್ಚಳ ತಿರುಗಿಸಿದ್ದು ನೆನಪುಂಟು.
ಇದರ ಹೊಟ್ಟೆಯಿಂದ ತೆಗೆದದ್ದು, ಅದರ ಹೊಟ್ಟೆಗೆ ಹಾಕಿದ್ದು,
ಉಬ್ಬಿದ ತಲೆ ಮುಂದಕ್ಕೆ, ಚಪ್ಪಟೆ ಬೆನ್ನು ಸ್ಪ್ರಿಂಗಿಗೆ.
ಕತ್ತಲೆಯಲ್ಲಿ ಎರಡಕ್ಕೂ ಒಂದೇ ಅಳತೆ ಎಂದು
ನನ್ನ ಬೆರಳಿಗೆ ಯಾರು ಹೇಳಿಕೊಟ್ಟರೋ.
ಮೂರು ಸಲ ಬೆಳಕು ಬಡಿದೆ: ನಿಲ್ಲಿ.
ಹುಡುಗರು ಪೈಪು ಹೊತ್ತುಕೊಂಡೇ ನಿಂತರು.
ತಾಯಿ ಮರಿಯನ್ನು ಸೊಂಡಿಲಿಂದ ನೂಕಿಕೊಂಡು
ನೀರಿನ ಅಡಿಯಲ್ಲೇ ಹಾದುಹೋಯಿತು, ಮೈ ಮಿಂಚಿಸಿ,
ನಿಧಾನ, ನಮಗೆ ಬೇಕಾದ್ದಕ್ಕಿಂತ ನಿಧಾನ.

ಆಮೇಲೆ ಕೈ ನಡುಗಿತು. ಸೇದಬೇಕೆನಿಸಿತು.
ಖಾಲಿ ಕೊಳವೆ ಎಳೆದೆ; ಮಾವಿನ ನೆನಪು ಬಂತು, ಅಷ್ಟೆ.
ಚಾತ ಕಿವಿಸಂದಿಯಿಂದ ಒಂದು ಬೀಡಿ ತೆಗೆದು
ಹೊತ್ತಿಸಿ, ಅರ್ಧ ಮುಗಿಸಿ ಚಾಚಿದ.
ಸುಳ್ಳು ಹೇಳುವುದಿಲ್ಲ, ಹಂಸ, ತೆಗೆದುಕೊಂಡೆ.

ಯಂತ್ರ ಈ ಪೊಟ್ಟಣದಲ್ಲುಂಟು, ಗಾಜು ಒಡೆದಿಲ್ಲ.
ದಿನಬಳಕೆಗೆ ಹೇಗೆ ಅಂದರೆ, ಸೆಲ್ಲು ಬಹಳ ಚೆನ್ನಾಗುಂಟು.
ಅದನ್ನು ಹಳೆಯ ಸೈಕಲ್ ಟ್ಯೂಬಿನಲ್ಲಿ ಸುತ್ತಿ ಇಟ್ಟುಕೊಂಡಿದ್ದೇನೆ,
ಕೀಗೊಂಚಲಿಗೆ ತಾಗದ ಹಾಗೆ.
ಎಷ್ಟಾಗ್ತದೆ, ಹೇಳು.